ಊರು ಪಟ್ಟಣವಾಗುವುದು ಯಾವಾಗ?

(ಬಾನುಲಿ ಭಾಷಣ)



"ತಮ್ಮ ಊರು ಯಾವುದು?" ಎಂದು ಯಾರನ್ನಾದರೂ ಕೇಳಿ ನೋಡಿ. ಬೆಂಗಳೂರಿನಲ್ಲಿ ನಲವತ್ತು ವರ್ಷ ಬಾಳಿದವರೂ ಒಂದು ಕ್ಷಣ ತಡೆದು, ಯಾವುದೋ ಹೋಬಳಿಯ ಯಾವುದೋ ಹಳ್ಳಿಯ ಹೆಸರನ್ನು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ 'ಊರು' ಎಂಬ ಮಾತಿಗೆ ಗಾತ್ರವಿಲ್ಲ. ಹತ್ತು ಮನೆಯದೂ ಊರೇ, ಹತ್ತು ಲಕ್ಷ ಮನೆಯದೂ ಊರೇ. ಗಾತ್ರವನ್ನೋ ಸ್ವಭಾವವನ್ನೋ ಸೂಚಿಸಬೇಕಾದಾಗ ಬೇರೆ ಮಾತುಗಳುಂಟು: ಹಟ್ಟಿ, ಹಳ್ಳಿ, ಪಾಳ್ಯ, ಕಸಬೆ, ಪೇಟೆ, ಪಟ್ಟಣ, ನಗರ. ಇವುಗಳ ನಡುವಣ ಗಡಿಯನ್ನು ನಮ್ಮ ಹಿರಿಯರು ಅಂಕಿಗಳಿಂದ ಗುರುತಿಸಿದವರಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ 'ಪಟ್ಟಣಸ್ವಾಮಿ' ಎಂಬಾತ ಕಾಣಿಸಿಕೊಳ್ಳುತ್ತಾನೆ. ಆತ ವರ್ತಕರ ಮುಖಂಡ. ಅದೇ ಶಾಸನಗಳಲ್ಲಿ ಬರುವ 'ನಖರ' ಎಂಬುದು ವರ್ತಕರ ಕೂಟ. ಪಟ್ಟಣವೆಂಬುದು ಆ ಕಾಲಕ್ಕೆ ತಲೆಯೆಣಿಕೆಯ ಮಾತಾಗಿರಲಿಲ್ಲ, ವ್ಯಾಪಾರದ ಮಾತಾಗಿತ್ತು.

ಇಂದಿನ ಸರ್ಕಾರಗಳಿಗೆ ಇಷ್ಟು ಸಾಲದು. ಎಲ್ಲಿ ಚರಂಡಿ ತೋಡಬೇಕು, ಎಲ್ಲಿಗೆ ಕುಡಿಯುವ ನೀರನ್ನು ಕೊಳವೆಯಲ್ಲಿ ತರಬೇಕು, ಎಲ್ಲಿ ಯಾವ ತೆರಿಗೆ ವಿಧಿಸಬೇಕು ಎಂದು ನಿರ್ಧರಿಸುವ ಮೊದಲು ಅವು ಒಂದು ಪಟ್ಟಿಯನ್ನು ಕೇಳುತ್ತವೆ. ಪಟ್ಟಿಗೊಂದು ಗೆರೆ ಬೇಕಾಗುತ್ತದೆ. ಆ ಗೆರೆಯನ್ನು ಹೇಗೆ ಎಳೆಯುತ್ತಾರೆ, ಅದು ಎಳೆದವರ ಮೇಜಿನಿಂದ ಇಳಿದು ಜನರ ಅಂಗಳಕ್ಕೆ ಬಂದಾಗ ಏನಾಗುತ್ತದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. 2001ರ ಫೆಬ್ರುವರಿಯಲ್ಲಿ, ಶಾಲಾಮಾಸ್ತರನಾಗಿದ್ದ ನಾನು, ಅನೇಕ ಸಹೋದ್ಯೋಗಿಗಳಂತೆ ಜನಗಣತಿಯ ಕೆಲಸಕ್ಕೆ ನೇಮಕಗೊಂಡು ಮನೆಮನೆ ತಿರುಗಿದೆ. ನನ್ನ ಪಾಲಿಗೆ ಬಂದದ್ದು ಹೆದ್ದಾರಿಗೆ ಸಮೀಪದ ಒಂದು ದೊಡ್ಡ ಹಳ್ಳಿ. ಅದರ ಹೆಸರನ್ನು ಹೇಳುವುದಿಲ್ಲ. ಗಣತಿದಾರ ಕಂಡದ್ದು, ಬರೆದದ್ದು ಗುಟ್ಟಾಗಿ ಉಳಿಯಬೇಕೆಂದು 1948ರ ಜನಗಣತಿ ಕಾಯಿದೆ ವಿಧಿಸಿದೆ. ಕಾಯಿದೆ ವಿಧಿಸದಿದ್ದರೂ ಅದು ಮರ್ಯಾದೆಯ ಮಾತು.

ಆ ಹಳ್ಳಿಯಲ್ಲಿ ಒಂದು ಮನೆ. ಹೊರಗೆ ಜಗುಲಿ, ಒಳಗೆ ಎರಡು ವಿದ್ಯುತ್ ಮಗ್ಗ. ಮಗ್ಗದ ಸದ್ದಿನಲ್ಲಿ ನನ್ನ ಪ್ರಶ್ನೆ ಕೇಳಿಸದೆ, ಯಜಮಾನರು ಗುಂಡಿ ಒತ್ತಿ ಅದನ್ನು ನಿಲ್ಲಿಸಿ ಹೊರಗೆ ಬಂದರು. ಹೆಸರು, ವಯಸ್ಸು, ಓದು ಎಲ್ಲ ಸುಸೂತ್ರವಾಗಿ ಸಾಗಿತು. "ಕಸುಬು?" ಎಂದೆ.

"ಏನಂತ ಬರ್ಕೊಳ್ತೀರೋ ಬರ್ಕೊಳ್ಳಿ ಮೇಷ್ಟ್ರೆ. ಎರಡು ಎಕರೆ ಹೊಲ ಇದೆ, ಈ ಮಗ್ಗ ಇದೆ. ಮಳೆ ಆದ ವರ್ಷ ಆರಂಭಗಾರ, ಆಗದ ವರ್ಷ ಮಗ್ಗದವ."

"ಹಾಗಲ್ಲ ಯಜಮಾನರೆ, ಕಳೆದ ವರ್ಷದ ಮಾತು ಹೇಳಿ. ಆರು ತಿಂಗಳಿಗಿಂತ ಹೆಚ್ಚು ಯಾವ ಕೆಲಸ ಮಾಡಿದಿರಿ?"

ಅವರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಕಣ. ನಡುನಡುವೆ ರಾತ್ರಿಯ ಹೊತ್ತು ಮಗ್ಗ. ಲೆಕ್ಕ ತೀರಲಿಲ್ಲ. ಕೊನೆಗೆ ಆತ ನಕ್ಕು, "ಅದರಿಂದ ಏನಾಗಬೇಕು ಹೇಳಿ, ಅದಕ್ಕೆ ತಕ್ಕ ಹಾಗೆ ಹೇಳ್ತೀನಿ" ಎಂದರು. ಆಗ ನನಗೂ ಅದರಿಂದ ಏನಾಗುತ್ತದೆಂದು ತಿಳಿದಿರಲಿಲ್ಲ. ನಮೂನೆಯಲ್ಲಿ ನಾಲ್ಕು ಮನೆಗಳಿದ್ದವು: ಸಾಗುವಳಿದಾರ, ಕೃಷಿ ಕಾರ್ಮಿಕ, ಗೃಹ ಕೈಗಾರಿಕೆಯವನು, ಇತರ ಕೆಲಸಗಾರ. ಒಂದರಲ್ಲಿ ಗುರುತು ಹಾಕಿದೆ. ಯಾವುದರಲ್ಲಿ ಎಂಬುದನ್ನು ಇಂದಿಗೂ ಹೇಳಲಾರೆ.

ಅದರಿಂದ ಏನಾಗುತ್ತದೆಂಬುದನ್ನು ನಾನು ತಿಳಿದುಕೊಂಡದ್ದು ತಡವಾಗಿ. ನಮ್ಮ ದೇಶದಲ್ಲಿ ಪಟ್ಟಣಗಳು ಎರಡು ಬಗೆ. ಮೊದಲನೆಯವು ಶಾಸನಬದ್ಧ ಪಟ್ಟಣಗಳು: ಮಹಾನಗರಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ದಂಡುಪ್ರದೇಶದ ಮಂಡಲಿ ಇವುಗಳಲ್ಲಿ ಯಾವುದಾದರೊಂದನ್ನು ಸರ್ಕಾರ ಸ್ಥಾಪಿಸಿದೆಯೆಂದರೆ ಆ ಸ್ಥಳ ಪಟ್ಟಣ, ಬೇರೆ ಪ್ರಶ್ನೆಯಿಲ್ಲ. ಎರಡನೆಯವು ಜನಗಣತಿ ಪಟ್ಟಣಗಳು. ಇವಕ್ಕೆ ಪುರಸಭೆಯಿಲ್ಲ, ನಾಮಫಲಕವಿಲ್ಲ. ಗಣತಿಯ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇವು ಪಟ್ಟಣ. ಹಾಗೆನಿಸಿಕೊಳ್ಳಲು ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಜನಸಂಖ್ಯೆ ಕನಿಷ್ಠ 5,000 ಇರಬೇಕು. ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆಯಿರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ಕಸುಬಿನವರಾಗಿರಬೇಕು.

ಮೊದಲು ಇಷ್ಟು ಬಿಗಿಯಿರಲಿಲ್ಲ. 1951ರವರೆಗೆ ಯಾವುದನ್ನು ಪಟ್ಟಣವೆನ್ನಬೇಕೆಂಬುದು ಬಹುಮಟ್ಟಿಗೆ ಆಯಾ ಪ್ರಾಂತದ ಗಣತಿ ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದಾಗಿತ್ತು. 1961ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬಂದಾಗ, ಅದುವರೆಗೆ ಪಟ್ಟಣವೆಂದು ಮೆರೆದಿದ್ದ ನೂರಾರು ಊರುಗಳು ಒಂದೇ ಏಟಿಗೆ ಹಳ್ಳಿಗಳಾದವು. ಅಲ್ಲಿಯ ಬೀದಿಗಳು ಬದಲಾಗಿರಲಿಲ್ಲ. ಅಳೆಯುವ ಕೋಲು ಬದಲಾಗಿತ್ತು.

ಇನ್ನೊಂದು ಸೂಕ್ಷ್ಮವುಂಟು. ಯಾವ ಹಳ್ಳಿಯನ್ನು ಪಟ್ಟಣವೆಂದು ಎಣಿಸಬೇಕೆಂಬ ಪಟ್ಟಿಯನ್ನು ಗಣತಿಗೆ ಮೊದಲೇ ಸಿದ್ಧಪಡಿಸಬೇಕಾಗುತ್ತದೆ. ಹಾಗಾಗಿ ಹಿಂದಿನ ಗಣತಿಯ ಉತ್ತರಗಳೇ ಅದಕ್ಕೆ ಆಧಾರ. 2001ರಲ್ಲಿ 4,000 ಜನರಿದ್ದ ಹಳ್ಳಿ 2011ರ ಹೊತ್ತಿಗೆ 5,000ವನ್ನು ಮುಟ್ಟೀತೆಂದು ಊಹಿಸಿ, ಅಲ್ಲಿಯ ಗಂಡಸರು 2001ರಲ್ಲಿ ಹೇಳಿದ ಕಸುಬುಗಳನ್ನೇ ಹಿಡಿದು, 2011ರ ಪಟ್ಟಿಯನ್ನು ಮಾಡಿದರು. ಜಗುಲಿಯ ಮೇಲೆ ಬೆರಳು ಮಡಿಸುತ್ತ ಕುಳಿತಿದ್ದ ಆ ಯಜಮಾನರ, ಅವರಂಥ ಕೆಲವು ನೂರು ಮಂದಿಯ ಉತ್ತರ ಹತ್ತು ವರ್ಷ ಕಾದಿದ್ದು, ಒಂದು ಊರಿನ ಜಾತಕವನ್ನು ಬರೆಯಿತು. ಒಂದು ಮಳೆ ಹೆಚ್ಚು ಬಂದಿದ್ದರೆ ಅದು ಹಳ್ಳಿಯಾಗಿಯೇ ಉಳಿಯುತ್ತಿತ್ತೋ ಏನೊ!

ಆ ಮನೆಯಲ್ಲಿ ನಾನು ಕೇಳಿದ ಇನ್ನೊಂದು ಉತ್ತರವನ್ನೂ ಮರೆಯಲಾರೆ. ಮಾತು ಸಾಗಿದ್ದಷ್ಟು ಹೊತ್ತೂ ಮನೆಯಾಕೆ ಬಾಗಿಲ ಬಳಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. "ತಾಯಿ, ತಮ್ಮ ಕೆಲಸ?" ಎಂದು ಕೇಳಿದೆ. "ನನ್ನದೇನಿದೆ ಸ್ವಾಮಿ, ಮನೇಲಿರ್ತೀನಿ" ಎಂದರು, ಕೈ ನಿಲ್ಲಲಿಲ್ಲ. ಆಕೆ ಸುತ್ತಿದ ಕಂಡಿಕೆಯಿಲ್ಲದೆ ಆ ಮಗ್ಗದಲ್ಲಿ ಒಂದು ಮೊಳ ಬಟ್ಟೆಯೂ ಹುಟ್ಟುತ್ತಿರಲಿಲ್ಲ. ಆಕೆಯ ಕೆಲಸವನ್ನು ಕೆಲಸವೆಂದು ಬರೆಯುವುದು ಗಣತಿದಾರನ ಕರ್ತವ್ಯ. ಆದರೆ ಬರೆದರೂ ಊರು ಪಟ್ಟಣವೇ ಎಂಬ ತೀರ್ಮಾನದಲ್ಲಿ ಅದು ಲೆಕ್ಕಕ್ಕೆ ಬಾರದು; ಅಲ್ಲಿ ಎಣಿಸುವುದು ಗಂಡಸರ ಕಸುಬನ್ನು ಮಾತ್ರ. ದಕ್ಷಿಣ ಕನ್ನಡದಲ್ಲಿ ಮನೆಮನೆಯ ಚಾವಡಿಯಲ್ಲಿ ಕುಳಿತು ಬೀಡಿ ಕಟ್ಟಿದ ಹೆಂಗಸರ ತಲೆಮಾರುಗಳಿವೆ. ಆ ಕೂಲಿಯಿಂದ ಮಕ್ಕಳು ಓದಿದ್ದಾರೆ, ಮನೆಗಳೆದ್ದಿವೆ. ಊರಿನ ಸ್ವರೂಪವನ್ನು ಬದಲಿಸಿದ ಆ ದುಡಿಮೆಗೆ ಊರಿನ ಹೆಸರನ್ನು ಬದಲಿಸುವ ಹಕ್ಕಿಲ್ಲ.

2011ರ ಗಣತಿ ಮುಗಿದಾಗ ದೇಶದಲ್ಲಿ ಜನಗಣತಿ ಪಟ್ಟಣಗಳ ಸಂಖ್ಯೆ 1,362ರಿಂದ 3,800ಕ್ಕೂ ಮೇಲೆ ಏರಿತ್ತು. ಕರ್ನಾಟಕದ 347 ಪಟ್ಟಣಗಳಲ್ಲಿ 127 ಈ ಬಗೆಯವು. ನೆರೆಯ ಕೇರಳದಲ್ಲಂತೂ ಪಟ್ಟಣವಾಸಿಗಳ ಪ್ರಮಾಣ ಹತ್ತು ವರ್ಷದಲ್ಲಿ ನೂರಕ್ಕೆ 26ರಿಂದ ನೂರಕ್ಕೆ 47ಕ್ಕೂ ಮೇಲೇರಿತು. ಜನ ಗಂಟುಮೂಟೆ ಕಟ್ಟಿಕೊಂಡು ಪಟ್ಟಣಕ್ಕೆ ಹೋದದ್ದಲ್ಲ. ಹೆಚ್ಚಿನವರು ಇದ್ದ ಮನೆಯಲ್ಲೇ ಇದ್ದರು. 'ಕೆಟ್ಟು ಪಟ್ಟಣ ಸೇರು' ಎಂಬುದು ನಮ್ಮ ಗಾದೆ. ಈ ಜನ ಕೆಡಲೂ ಇಲ್ಲ, ಸೇರಲೂ ಇಲ್ಲ. ಪಟ್ಟಣವೇ ಬಂದು ಅವರನ್ನು ಸೇರಿತು.

ನಾನು ಎಣಿಸಿದ ಹಳ್ಳಿಯೂ ಆ ಪಟ್ಟಿಯಲ್ಲಿತ್ತು. ಕೆಲವು ವರ್ಷಗಳ ಅನಂತರ ಒಂದು ಮದುವೆಗೆಂದು ಅಲ್ಲಿಗೆ ಹೋಗಿದ್ದೆ. ಬಸ್ಸಿಳಿದರೆ ಮೊಬೈಲ್ ಅಂಗಡಿ, ಬೇಕರಿ, ಮೂರಂತಸ್ತಿನ ಮನೆಗಳು, ಮೂರು ಪಟ್ಟು ಮಗ್ಗಗಳು. ಕಟ್ಟೆಯ ಎದುರಿನ ಫಲಕದಲ್ಲಿ ಮಾತ್ರ ಮೊದಲಿನ ಹಾಗೆಯೇ 'ಗ್ರಾಮ ಪಂಚಾಯಿತಿ ಕಾರ್ಯಾಲಯ'. ಬೀದಿಯ ನಡುವೆ ಬಣ್ಣದ ನೀರು ಹರಿಯುತ್ತಿತ್ತು. ಯಜಮಾನರು ನನ್ನನ್ನು ಗುರುತಿಸಿ, "ನಮ್ಮೂರು ಪಟ್ಟಣ ಆಯ್ತಂತಲ್ಲ ಮೇಷ್ಟ್ರೆ, ನೀವೇ ಬರಕೊಂಡು ಹೋಗಿದ್ರಿ. ಹಾಗಾದ್ರೆ ಚರಂಡಿ ಯಾವಾಗ?" ಎಂದು ಕೇಳಿದರು. ಅದರಲ್ಲಿ ಹಾಸ್ಯವಿತ್ತು, ಆದರೆ ಹಾಸ್ಯ ಮಾತ್ರವೇ ಇರಲಿಲ್ಲ.

ಅವರಿಗೆ ಕೊಡಬೇಕಾದ ಉತ್ತರ ಸರಳವಲ್ಲ. ಗಣತಿಯ ಕೋಲು ಬೇರೆ, ಕಾಯಿದೆಯ ಕೋಲು ಬೇರೆ. ಕರ್ನಾಟಕದ ಪುರಸಭೆಗಳ ಕಾಯಿದೆಯಲ್ಲಿ ಪಟ್ಟಣ ಪಂಚಾಯಿತಿಗೆ ಇಟ್ಟ ಅಳತೆ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನ. ಬೇಸಾಯೇತರ ಕಸುಬಿನವರು ಅರ್ಧದಷ್ಟಿದ್ದರೆ ಸಾಕು. ಆರೇಳು ಸಾವಿರ ಜನರಿದ್ದು, ನೂರಕ್ಕೆ 80 ಮಂದಿ ಮಗ್ಗವನ್ನೋ ಗಾರೆ ಕೆಲಸವನ್ನೋ ನಂಬಿರುವ ಊರು ಗಣತಿಗೆ ಪಟ್ಟಣ, ಕಾಯಿದೆಗೆ ಹಳ್ಳಿ. ಅಳತೆ ಮುಟ್ಟಿದ ಮೇಲೂ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಹೊರಡಿಸುವವರೆಗೆ ಪಂಚಾಯಿತಿಯೇ ಗತಿ. ಕೆರೆ, ದಾರಿ, ಬೀದಿದೀಪಗಳನ್ನು ನೋಡಿಕೊಳ್ಳಲು ಕಟ್ಟಿದ ಪಂಚಾಯಿತಿ, ಒಳಚರಂಡಿಯನ್ನೂ ಬಣ್ಣದ ನೀರನ್ನೂ ಮೂರಂತಸ್ತಿನ ಮನೆಗಳ ನಕ್ಷೆಯನ್ನೂ ನಿಭಾಯಿಸಬೇಕು.

ಹಾಗಾದರೆ ಎಲ್ಲರೂ ಪಟ್ಟಣವಾಗಲು ಹಾತೊರೆಯುತ್ತಾರೆಯೆ? ಅದೂ ಇಲ್ಲ. ಪಟ್ಟಣ ಪಂಚಾಯಿತಿಯಾದರೆ ಮನೆಗಂದಾಯ ಏರುತ್ತದೆ. ಗ್ರಾಮಗಳಿಗೆಂದೇ ಮೀಸಲಾದ ಕೂಲಿಯ ಖಾತರಿ, ವಸತಿ ಸಹಾಯದಂಥ ಯೋಜನೆಗಳು ಕೈತಪ್ಪುತ್ತವೆ. ಮಗ್ಗವಿದ್ದವನಿಗೆ ಚರಂಡಿ ಬೇಕು. ಮಗ್ಗವಿಲ್ಲದ, ಹೊಲವೂ ಇಲ್ಲದ ಕೂಲಿಯವನಿಗೆ ವರ್ಷಕ್ಕೆ ಇಷ್ಟು ದಿನದ ಕೆಲಸ ಬೇಕು. ಒಂದೇ ಬೀದಿಯ ಎರಡು ಮನೆಗಳಿಗೆ ಒಂದೇ ಗೆರೆ ಎರಡು ಬಗೆಯ ಫಲವನ್ನು ಕೊಡುತ್ತದೆ. ಇದನ್ನು ಮರೆತು, ಪಟ್ಟಣವಾಗುವುದೇ ಪ್ರಗತಿ ಎಂದೋ ಹಳ್ಳಿಯಾಗಿ ಉಳಿಯುವುದೇ ಪುಣ್ಯ ಎಂದೋ ಹೇಳುವುದು ಸುಲಭ, ನ್ಯಾಯವಲ್ಲ.

ಬೇರೆ ದೇಶಗಳವರು ಈ ಗೆರೆಯನ್ನು ಹೇಗೆ ಎಳೆದಿದ್ದಾರೆಂದು ನೋಡುವುದು ಉಪಯುಕ್ತ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಕೇಂದ್ರ ಸರ್ಕಾರದ ಆಯವ್ಯಯ ಕಚೇರಿ 1949ರಲ್ಲಿ ಮಹಾನಗರ ಪ್ರದೇಶಗಳಿಗೆ ಒಂದು ಸಮಾನ ವ್ಯಾಖ್ಯೆಯನ್ನು ರೂಪಿಸಿತು. 1950ರ ಗಣತಿ ಅದನ್ನು ಬಳಸಿತು. 2003ರಲ್ಲಿ ಅದರ ಜೊತೆಗೆ ಇನ್ನೊಂದು ವರ್ಗ ಬಂತು. ಮೆಟ್ರೊಪಾಲಿಟನ್ ಎಂಬುದರ ತಮ್ಮನೆಂಬಂತೆ ಅದಕ್ಕೆ ಮೈಕ್ರೊಪಾಲಿಟನ್ ಎಂದು ಹೆಸರಿಟ್ಟರು. ಕಿರುನಗರ ಪ್ರದೇಶ ಎನ್ನೋಣ. ನಡುವಣ ಊರಿನಲ್ಲಿ 50,000 ಅಥವಾ ಹೆಚ್ಚು ಜನರಿದ್ದರೆ ಮಹಾನಗರ ಪ್ರದೇಶ. 10,000ದಿಂದ 50,000ದೊಳಗಿದ್ದರೆ ಕಿರುನಗರ ಪ್ರದೇಶ.

ಇಲ್ಲಿ ಕುತೂಹಲಕರವಾದದ್ದು ಸಂಖ್ಯೆಯಲ್ಲ, ಗೆರೆಯೆಳೆಯುವ ರೀತಿ. ಅವರ ಲೆಕ್ಕದ ಇಟ್ಟಿಗೆ ಊರಲ್ಲ, ಕೌಂಟಿ, ನಮ್ಮ ಜಿಲ್ಲೆಯಂಥದು. ನಡುವಣ ಊರಿರುವ ಕೌಂಟಿ ಮೊದಲು ಸೇರುತ್ತದೆ. ಅನಂತರ ಸುತ್ತಣ ಕೌಂಟಿಗಳನ್ನು ನೋಡುತ್ತಾರೆ. ಅಲ್ಲಿಯ ದುಡಿಯುವವರಲ್ಲಿ ನೂರಕ್ಕೆ 25 ಮಂದಿ ಪ್ರತಿದಿನ ನಡುವಣ ಕೌಂಟಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರೆ, ಅಥವಾ ಅಲ್ಲಿಯ ಕೆಲಸಗಳಲ್ಲಿ ನೂರಕ್ಕೆ 25ನ್ನು ನಡುವಣ ಕೌಂಟಿಯಿಂದ ಬಂದವರು ಮಾಡುತ್ತಿದ್ದರೆ, ಆ ಕೌಂಟಿಯೂ ಅದೇ ಪ್ರದೇಶಕ್ಕೆ ಸೇರಿತು. ನಡುವೆ ಹೊಲವಿದೆಯೋ ಕಾಡಿದೆಯೋ ಎಂದು ಕೇಳುವುದಿಲ್ಲ. ಗಂಡಸೋ ಹೆಂಗಸೋ ಎಂದೂ ಕೇಳುವುದಿಲ್ಲ. ಬೆಳಗ್ಗೆ ಎದ್ದು ಜನ ಯಾವ ಕಡೆಗೆ ಮುಖಮಾಡುತ್ತಾರೆಂಬುದೇ ಅವರ ಪ್ರಶ್ನೆ.

ಆರಿಜೋನಾ ಎಂಬ ಒಂದು ರಾಜ್ಯವನ್ನೇ ತೆಗೆದುಕೊಳ್ಳಿ. ಮರಿಕೋಪಾ, ಪಿನಾಲ್ ಎಂಬ ಎರಡು ಕೌಂಟಿಗಳು ಕೂಡಿ ಫೀನಿಕ್ಸ್ ಮಹಾನಗರ ಪ್ರದೇಶವಾಗಿದೆ. ಉತ್ತರಕ್ಕೆ ಫ್ಲಾಗ್‌ಸ್ಟಾಫ್ ಎಂಬ ಊರು. 2020ರಲ್ಲಿ ಅದರ ಜನಸಂಖ್ಯೆ ಸುಮಾರು 77,000. ಐವತ್ತು ಸಾವಿರ ದಾಟಿದ್ದರಿಂದ ಅದು ಮಹಾನಗರ. ಅದಿರುವ ಕೊಕೊನಿನೊ ಕೌಂಟಿಯೆಲ್ಲವೂ ಮಹಾನಗರ ಪ್ರದೇಶ. ಆ ಕೌಂಟಿಯ ವಿಸ್ತಾರವಾದರೋ ಸುಮಾರು 48,000 ಚದರ ಕಿಲೋಮೀಟರು. ನಮ್ಮ ಇಡೀ ಕರ್ನಾಟಕದ ಕಾಲುಭಾಗ! ಅದರೊಳಗೆ ಪೈನ್ ಕಾಡುಗಳಿವೆ, ಬರಡು ನೆಲವಿದೆ, ಜಗತ್ಪ್ರಸಿದ್ಧವಾದ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ಬಹುಭಾಗವಿದೆ. ಕಮರಿಯ ಅಂಚಿನಲ್ಲಿ ನಿಂತು, ನೂರಾರು ಕೋಟಿ ವರ್ಷಗಳ ಕಲ್ಲಿನ ಪದರಗಳನ್ನು ನೋಡುತ್ತಿರುವವನು ಲೆಕ್ಕದ ಪ್ರಕಾರ ಒಂದು ಮಹಾನಗರ ಪ್ರದೇಶದಲ್ಲಿ ನಿಂತಿರುತ್ತಾನೆ.

ಅಲ್ಲಿಯೂ ಗೆರೆ ಬರಿಯ ಗೆರೆಯಾಗಿ ಉಳಿದಿಲ್ಲ. ಇದು ಅಂಕಿಸಂಖ್ಯೆಗಾಗಿ ಮಾತ್ರ, ಹಣ ಹಂಚಲು ಅಲ್ಲ ಎಂದು ಆಯವ್ಯಯ ಕಚೇರಿ ಹೇಳುತ್ತಲೇ ಬಂದಿದೆ. ಆದರೂ ಅನೇಕ ಸರ್ಕಾರಿ ಯೋಜನೆಗಳು ಅದೇ ಪಟ್ಟಿಗೆ ಜೋತುಬಿದ್ದಿವೆ. 1950ರಲ್ಲಿ 15 ಕೋಟಿಯಷ್ಟಿದ್ದ ದೇಶ 2020ರಲ್ಲಿ 33 ಕೋಟಿಯಾಗಿದೆ, ಹಳೆಯ 50,000ದ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸೋಣವೆಂದು 2021ರಲ್ಲಿ ಒಂದು ಸಲಹೆ ಬಂತು. ಏರಿಸಿದ್ದರೆ ಸುಮಾರು 140 ಪ್ರದೇಶಗಳು ಮಹಾನಗರದ ಪಟ್ಟದಿಂದ ಕಿರುನಗರಕ್ಕೆ ಇಳಿಯುತ್ತಿದ್ದವು. ಊರೂರಿನಿಂದ ಆಕ್ಷೇಪಣೆಗಳು ಬಂದು, ಅದೇ ವರ್ಷ ಆ ಸಲಹೆಯನ್ನು ಕೈಬಿಟ್ಟರು. ಹೆಸರು ಹೋದರೆ ಹೆಸರಿನೊಡನೆ ಬರುವುದೂ ಹೋದೀತೆಂಬ ಅಂಜಿಕೆಗೆ ದೇಶಕಾಲಗಳ ಭೇದವಿಲ್ಲ.

ನಮ್ಮಲ್ಲಿಯೂ ಊರಿಗೆ ಊರು ಕೂಡಿಸುವ ಕ್ರಮವುಂಟು. 1971ರ ಗಣತಿಯಿಂದ ಬಂದಿರುವ 'ನಗರ ಸಮೂಹ'ವೆಂಬ ವರ್ಗ ಅದು. ಆದರೆ ಅದರ ಪರೀಕ್ಷೆ ಬೇರೆ: ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡು ಹಬ್ಬಿರಬೇಕು. ಅಮೆರಿಕದವರು ಜನರ ಕಾಲನ್ನು ನೋಡಿದರೆ ನಾವು ಮನೆಯ ಗೋಡೆಗಳನ್ನು ನೋಡುತ್ತೇವೆ. ಸಂವಿಧಾನಕ್ಕೆ 1992ರಲ್ಲಾದ 74ನೆಯ ತಿದ್ದುಪಡಿ ಹತ್ತು ಲಕ್ಷ ಅಥವಾ ಹೆಚ್ಚು ಜನರಿರುವ ಪ್ರದೇಶವನ್ನು ಮಹಾನಗರ ಪ್ರದೇಶವೆನ್ನುತ್ತದೆ. 2011ರಲ್ಲಿ ಕರ್ನಾಟಕದಲ್ಲಿ ಆ ಗೆರೆಯನ್ನು ದಾಟಿದ ನಗರ ಸಮೂಹ ಬೆಂಗಳೂರೊಂದೇ, ಸುಮಾರು 85 ಲಕ್ಷ. ಮೈಸೂರು 9 ಲಕ್ಷ 90 ಸಾವಿರದಲ್ಲಿ ಹೊಸ್ತಿಲ ಮೇಲೆ ನಿಂತಿತ್ತು. ಇತ್ತ ತುಮಕೂರು, ರಾಮನಗರ, ಮಂಡ್ಯಗಳಿಂದ ಬುತ್ತಿ ಹಿಡಿದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಬಂದು, ಇರುಳಾದ ಮೇಲೆ ಮನೆ ಸೇರುವವರು ಯಾವ ಸಮೂಹಕ್ಕೆ ಸೇರಿದವರು? ಕೆಲಸಕ್ಕೆ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತೀರೆಂದು 2011ರ ಗಣತಿ ಕೇಳಿತ್ತು; ಯಾವ ಊರಿಗೆ ಎಂದು ಕೇಳಿರಲಿಲ್ಲ. ಅವರ ಬದುಕಿನ ಅರ್ಧ ಎಲ್ಲಿದೆಯೆಂಬುದು ಯಾವ ಪಟ್ಟಿಯಲ್ಲೂ ಇಲ್ಲ.

ಪಟ್ಟಿಯಲ್ಲಿ ಹೆಸರು ಬಂದಮಾತ್ರಕ್ಕೆ ಎಲ್ಲವೂ ಬಂದಂತೆ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅಂಚಿನ ಹಳ್ಳಿಗಳೇ ಸಾಕ್ಷಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ಹುಟ್ಟಿದಾಗ ಏಳು ನಗರಸಭೆ, ಒಂದು ಪುರಸಭೆಯೊಡನೆ 110 ಹಳ್ಳಿಗಳೂ ಅದರೊಳಗೆ ಬಂದವು. ಆ ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿ ನೀರಿನ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹೆಸರು ಬಂದು ನೀರು ಬರುವುದರ ನಡುವೆ ಹದಿನೇಳು ವರ್ಷ. ಇಷ್ಟರಲ್ಲಿ ಹುಟ್ಟಿದ ಮಗು ಕಾಲೇಜಿಗೆ ಹೋಗುವಷ್ಟಾಗಿತ್ತು. 2025ರಲ್ಲಿ ಆ ಮಹಾನಗರಪಾಲಿಕೆಯೇ ಹೋಗಿ, ಅದರ ಜಾಗದಲ್ಲಿ ಐದು ಪಾಲಿಕೆಗಳು ಬಂದವು.

ಹಾಗೆಂದು ಗೆರೆಗಳೇ ಬೇಡವೆನ್ನಲಾದೀತೆ? ಗೆರೆಯಿಲ್ಲದಿದ್ದರೆ ಎಣಿಕೆಯಿಲ್ಲ, ಎಣಿಕೆಯಿಲ್ಲದಿದ್ದರೆ ಕೇಳುವ ಹಕ್ಕಿಗೆ ಆಧಾರವಿಲ್ಲ. ನನ್ನ ಕೋರಿಕೆ ಇಷ್ಟೇ: ಎಣಿಸುವವರ ಕೋಲೂ ಆಳುವವರ ಕೋಲೂ ಒಂದನ್ನೊಂದು ನೋಡಲಿ. ಒಂದು ಊರು ಪಟ್ಟಣವಾಯಿತೆಂದು ಗಣತಿ ಹೇಳಿದ ದಿನ, ಅದರ ಚರಂಡಿಯ ಚಿಂತೆಯನ್ನು ಯಾರು ವಹಿಸಬೇಕೆಂಬುದೂ ಗೊತ್ತಾಗಲಿ. ಕೂಲಿಯವನ ಕೆಲಸವನ್ನು ಕಿತ್ತುಕೊಳ್ಳದೆ ಅದು ನಡೆಯಲಿ. ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಅಳತೆ ಅರ್ಧ ಊರನ್ನಷ್ಟೇ ಅಳೆಯುತ್ತದೆಂಬುದು ನೆನಪಿರಲಿ.

2021ರಲ್ಲಿ ಆಗಬೇಕಾಗಿದ್ದ ಗಣತಿ ಮುಂದೆ ಹೋಯಿತು. 2027ರ ಮಾರ್ಚ್ 1ನ್ನು ಅದರ ಲೆಕ್ಕದ ದಿನವೆಂದು 2025ರಲ್ಲಿ ಪ್ರಕಟಿಸಿದರು. ನಾನು ಈಗ ನಿವೃತ್ತ. ನನ್ನ ಜಾಗದಲ್ಲಿ ಬೇರೊಬ್ಬ ಮೇಷ್ಟರ ಕೆಲಸ ಅದು. ಗಣತಿದಾರರು ಮನೆಗೆ ಬಂದು ಕಸುಬನ್ನು ಕೇಳಿದಾಗ, ಅದೊಂದು ಔಪಚಾರಿಕ ಪ್ರಶ್ನೆಯೆಂದು ಯಾರೂ ಭಾವಿಸದಿರಲಿ. ಬಾಗಿಲ ಬಳಿ ಕಂಡಿಕೆ ಸುತ್ತುತ್ತ ಕುಳಿತ ತಾಯಂದಿರಂತೂ "ಮನೇಲಿರ್ತೀನಿ" ಎನ್ನದೆ, ಕೈಯಲ್ಲಿರುವ ಕೆಲಸದ ಹೆಸರನ್ನು ಹೇಳಲಿ. ಬರೆದುಕೊಳ್ಳುವವರು ಕಾದು ಕೇಳಿಸಿಕೊಳ್ಳಲಿ. ಅಂದು ನಾನು ಇನ್ನೂ ಸ್ವಲ್ಪ ಹೊತ್ತು ಆ ಜಗುಲಿಯ ಮೇಲೆ ಕುಳಿತಿರಬೇಕಾಗಿತ್ತು.